ಕೋಶಗಳು ಉದ್ದವಾಗುತ್ತಿಲ್ಲ, ಏಕೆ?

ಪ್ರಶ್ನೆ: ಪ್ರಯೋಗಾಲಯದಲ್ಲಿ ಬೆಳೆಸಿದ ಎಜಿಎಸ್ ಎಂಬ ಜಠರ ಕೋಶಗಳಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾದ ಸೋಂಕು ತಗುಲಿಸಿ 24 ಗಂಟೆ ಕಳೆದರೂ ಅವು ಹಮ್ಮಿಂಗ್‌ಬರ್ಡ್ ಕೊಕ್ಕಿನಂತೆ ನೀಳವಾಗುತ್ತಿಲ್ಲ. ತಪ್ಪೆಲ್ಲಿ?

ಉತ್ತರ: ಮೊದಲು ಮಾಧ್ಯಮ, ಅಂದರೆ ಕೋಶಗಳು ಬೆಳೆಯುವ ಪೋಷಕ ದ್ರವ ನೋಡಿ. ಕೋಶ ಬೆಳೆಸಲು ಹಾಕಿದ್ದ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಉಳಿದಿದ್ದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಹಿಂದಿನ ದಿನವೇ ತೊಳೆದು ಆಂಟಿಬಯಾಟಿಕ್ ಇಲ್ಲದ ಮಾಧ್ಯಮಕ್ಕೆ ಬದಲಿಸಿ. ಎರಡನೆಯ ಶಂಕೆ, ಬ್ಯಾಕ್ಟೀರಿಯಾ ಬೆಳೆಸಿದ ಹಳೆಯ ತಟ್ಟೆ. ದಿನ ಕಳೆದಂತೆ ಸುರುಳಿ ಬ್ಯಾಕ್ಟೀರಿಯಾ ಗುಂಡಗಾಗಿ ಈಜುವುದನ್ನೇ ಬಿಡುತ್ತವೆ. 5% ಆಮ್ಲಜನಕ, 10% ಇಂಗಾಲದ ಡೈಆಕ್ಸೈಡ್‌ನಲ್ಲಿ ಬೆಳೆದ, ಸೂಕ್ಷ್ಮದರ್ಶಕದಡಿ ಚುರುಕಾಗಿ ಓಡಾಡುವ ತಾಜಾ ಬ್ಯಾಕ್ಟೀರಿಯಾವನ್ನು ಕೋಶವೊಂದಕ್ಕೆ 100ರಂತೆ ಹಾಕಿ. ಕೋಶವನ್ನು ನೀಳವಾಗಿಸುವುದು ಬ್ಯಾಕ್ಟೀರಿಯಾದ ಕ್ಯಾಗ್‌ಎ ಎಂಬ ಪ್ರೋಟೀನ್. ತಳಿಯಲ್ಲಿ ಅದರ ಜೀನ್ ಇದ್ದರಷ್ಟೇ ಸಾಲದು, ಆ ಪ್ರೋಟೀನನ್ನು ಕೋಶದೊಳಕ್ಕೆ ಚುಚ್ಚುವ ವ್ಯವಸ್ಥೆಯೂ ಸರಿಯಿರಬೇಕು. ಕ್ಯಾಗ್‌ಎ ಅಳಿಸಿದ ತಳಿಯನ್ನು ಹೋಲಿಕೆಗೆ ಇಡಲು ಮರೆಯಬೇಡಿ.

ಅಂದಹಾಗೆ, ಎಜಿಎಸ್ ಈಗಾಗಲೇ ಕ್ಯಾನ್ಸರ್ ಕೋಶ. ರೋಗದ ಆರಂಭ ನೋಡಬೇಕಿದ್ದರೆ ಆರೋಗ್ಯವಂತ ಜಠರದಿಂದ ಬೆಳೆಸಿದ ಆರ್ಗನಾಯ್ಡ್ (ಅಂಗವನ್ನು ಹೋಲುವ ಪುಟ್ಟ ಕೋಶಗುಚ್ಛ) ಬಳಸಿ.