ಬರಹಗಾರರಿಗೆ ಸಲಹೆ: ಹಾಡಿನ ಅನುವಾದ ಹಾಡಲು ಬರಬೇಕು

ಆತ್ಮೀಯರೆ,

ನೀವು ಕಳಿಸಿದ ‘ಜಪಾನಿನ ಚಳಿಗಾಲದ ಮಕ್ಕಳ ಹಾಡುಗಳು’ ಓದಿದೆವು. ಒಂಬತ್ತು ಹಾಡುಗಳ ಅನುವಾದ, ಒಂದೊಂದಕ್ಕೂ ನಾಲ್ಕು ಸಾಲಿನ ಪರಿಚಯ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ನಮಗೆ ಬೇಕು, ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇವೆ. ಅದಕ್ಕೇ ಈ ಉತ್ತರ ಉದ್ದವಾಗಿದೆ.

ದೊಡ್ಡ ತೊಂದರೆ ಎಂದರೆ ನಿಮ್ಮ ಸಾಲುಗಳು ಮಗುವಿನ ಬಾಯಲ್ಲಿ ಕೂರುವುದಿಲ್ಲ. ‘ಯುಕಿ’ ಎಂಬ ಹಿಮದ ಹಾಡನ್ನೇ ನೋಡಿ. ‘ಆಗಸದಿಂದ ಹಿಮವು ನಿರಂತರವಾಗಿ ಸುರಿಯುತ್ತಲೇ ಇದೆ’ ಎಂದು ಬರೆದಿದ್ದೀರಿ. ಮಾತ್ರೆ ಎಣಿಸಿದರೆ 27. ಮೂಲದಲ್ಲಿರುವುದು ‘ಫುತ್ತೆವ ಫುತ್ತೆವ, ಜುಂಜುನ್ ತ್ಸುಮೊರು’. ಎಂಟು ಮತ್ತು ಏಳು, ಒಟ್ಟು 15. ಹನ್ನೆರಡು ಮಾತ್ರೆ ಹೆಚ್ಚಾದರೆ ಯಾವ ಮಗು ಹಾಡೀತು?

ಇಲ್ಲಿ ನಮಗೊಂದು ದೊಡ್ಡ ಅನುಕೂಲವಿದೆ, ನೀವು ಅದನ್ನು ಬಳಸಿಕೊಂಡಿಲ್ಲ. ಜಪಾನಿಯರು ಪದ್ಯದಲ್ಲಿ ಎಣಿಸುವ ‘ಹಕು’ ಹೆಚ್ಚುಕಡಿಮೆ ನಮ್ಮ ಮಾತ್ರೆಯೇ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ‘ಕೊನ್’ನಲ್ಲಿರುವ ಅರೆ ನಕಾರಕ್ಕೆ ಬೇರೆಯಾಗಿ ಒಂದು, ‘ಫುತ್ತೆ’ಯ ಒತ್ತಿನ ತಡೆಗೂ ಒಂದು. ಲಘು ಗುರು ಹಾಕಲು ಬರುವ ಯಾರೇ ಆದರೂ ಮೂಲದ ಅಳತೆಯನ್ನು ಕಿವಿಯಲ್ಲೇ ಹಿಡಿಯಬಹುದು. ಆ ಸಾಲಿಗೆ ‘ಸುರಿಸುರಿದಷ್ಟೂ, ರಾಶಿಯ ರಾಶಿ’ ಎಂದು ಹಾಕಿ ನೋಡಿ. ಎಂಟು, ಏಳು. ಇದೇ ಇರಲಿ ಎಂದಲ್ಲ, ಇದಕ್ಕಿಂತ ಚೆನ್ನಾದದ್ದು ನಿಮಗೆ ಹೊಳೆಯಬಹುದು. ಆದರೆ ಅಳತೆ ಇದು. ಅಂತ್ಯಪ್ರಾಸಕ್ಕಾಗಿ ನೀವು ಪಟ್ಟಿರುವ ಪಾಡು ಬೇಕಿರಲಿಲ್ಲ. ಮೂಲದಲ್ಲಿ ಅಂತ್ಯಪ್ರಾಸದ ಕಟ್ಟಿಲ್ಲ, ಹಾಡನ್ನು ಎತ್ತಿಹಿಡಿದಿರುವುದು ಪದಗಳ ಮರುಕಳಿಕೆ.

‘ಜುಂಜುನ್’ ಎಂಬುದಕ್ಕೆ ನೀವು ‘ಜಿಟಿಜಿಟಿ’ ಹಾಕಿದ್ದೀರಿ. ಅದು ಮಳೆಯ ಸದ್ದು. ಹಿಮ ಬೀಳುವಾಗ ಸದ್ದೇ ಇರುವುದಿಲ್ಲ. ಜುಂಜುನ್ ಎಂದರೆ ನೋಡನೋಡುತ್ತಿದ್ದಂತೆ ಏರುತ್ತಾ ಹೋಗುವ ರೀತಿ. ಅನುಕರಣಾವ್ಯಯ ಕಂಡಾಗಲೆಲ್ಲ ಅದು ಕಿವಿಯದೋ ಕಣ್ಣಿನದೋ ಎಂದು ಮೊದಲು ಕೇಳಿಕೊಳ್ಳಿ. ಹಾಗೆಯೇ ಮೊದಲ ಸಾಲಿನ ‘ಅರರೆ’ಗೆ ‘ಆಲಿಕಲ್ಲು’ ಎಂದಿದ್ದೀರಿ. ಅರರೆ ಎಂದರೆ 5 ಮಿಲಿಮೀಟರಿಗಿಂತ ಚಿಕ್ಕ ಹರಳು, ಅದಕ್ಕಿಂತ ದೊಡ್ಡದಾದರೆ ಜಪಾನಿಯಲ್ಲಿ ಹೆಸರೇ ಬೇರೆ. ನಮ್ಮ ಓದುಗರಿಗೆ ಆಲಿಕಲ್ಲು ಎಂದರೆ ಏಪ್ರಿಲ್-ಮೇ ತಿಂಗಳ ಬಿರುಮಳೆ, ಮಾವಿನಕಾಯಿ ಉದುರುವ ಹೊತ್ತು. ಒಂದು ಪದ ಚಳಿಗಾಲವನ್ನು ಬೇಸಿಗೆ ಮಾಡಿಬಿಟ್ಟಿತು. ‘ಹರಳೇ ಬಾರೋ’ ಎಂದರೆ ಸಾಕು.

‘ಕೊನ್‌ಕೊನ್’ ಎಂದು ಅದೇ ಮೊದಲ ಸಾಲಿನಲ್ಲಿ ಬರೆದಿರುವುದನ್ನೂ ತಿದ್ದಿ. ಅಚ್ಚಾದ ಪಾಠದಲ್ಲಿರುವುದು ‘ಕೊಂಕೊ’. ಜಪಾನಿನಲ್ಲೂ ಬಹಳ ಜನ ತಪ್ಪಾಗಿಯೇ ಹಾಡುತ್ತಾರೆ, ಆದರೆ ಕೊನ್‌ಕೊನ್ ಎಂಬುದು ನರಿಯ ಕೂಗಿಗೂ ಕೆಮ್ಮಿಗೂ ಬಳಸುವ ಪದ.

ಅದೇ ಹಾಡಿನಲ್ಲಿ ಬೆಟ್ಟ ಬಯಲುಗಳು ‘ವತಬೋಶಿ’ ತೊಡುತ್ತವೆ. ನಿಮ್ಮಲ್ಲಿ ಅದು ‘ಬಿಳಿ ಟೋಪಿ’. ವತಬೋಶಿ ಮದುಮಗಳು ತಲೆಯ ಮೇಲೆ ಹೊದೆಯುವ ಮೆತ್ತನೆಯ ಬಿಳಿ ಮುಸುಕು. ನಾವಾದರೆ ‘ಹತ್ತಿಯ ಕುಲಾವಿ’ ಎನ್ನುತ್ತಿದ್ದೆವು. ಮದುವೆಯ ಸುಳಿವು ಹೋಗುತ್ತದೆ, ಬೆಚ್ಚಗಿನ ಮೆದುತನ ಉಳಿಯುತ್ತದೆ. ಎರಡನೆಯ ಚರಣದಲ್ಲಿ ನಾಯಿ ಅಂಗಳ ತುಂಬ ಕುಣಿದು ಓಡುವಾಗ ಬೆಕ್ಕು ‘ಕೊತತ್ಸು’ವಿನಲ್ಲಿ ದುಂಡಗೆ ಸುತ್ತಿಕೊಳ್ಳುತ್ತದೆ. ನೀವು ಬೆಕ್ಕನ್ನು ಒಲೆಯ ಮುಂದೆ ಕೂರಿಸಿದ್ದೀರಿ. ಕೊತತ್ಸು ಒಲೆಯಲ್ಲ. ಕೆಳಗೆ ಕೆಂಡ, ಅದರ ಮೇಲೆ ಗಿಡ್ಡ ಚೌಕಟ್ಟು, ಎಲ್ಲದರ ಮೇಲೆ ದಪ್ಪ ರಜಾಯಿ. ಮನೆಮಂದಿ ಸುತ್ತ ಕೂತು ಕಾಲನ್ನು ಒಳಗೆ ಚಾಚುತ್ತಾರೆ. ಈಗ ಕೆಂಡದ ಬದಲು ವಿದ್ಯುತ್ತು. ಪದವನ್ನು ಹಾಗೆಯೇ ಉಳಿಸಿಕೊಂಡು ಪರಿಚಯದಲ್ಲಿ ಎರಡು ವಾಕ್ಯ ಬರೆದರೆ ಸಾಕು.

ಇನ್ನು ಚರಿತ್ರೆ. ಒಂಬತ್ತನ್ನೂ ‘ಸಾವಿರಾರು ವರ್ಷಗಳ ಜಾನಪದ’ ಎಂದಿದ್ದೀರಿ, ಇದು ತಪ್ಪು. ‘ಯುಕಿ’ 1911ರಲ್ಲಿ ಶಿಕ್ಷಣ ಇಲಾಖೆ ಎರಡನೆಯ ತರಗತಿಗೆಂದು ಅಚ್ಚು ಹಾಕಿಸಿದ ಶಾಲಾ ಹಾಡು. ಬಾಯಿಂದ ಬಾಯಿಗೆ ಬಂದದ್ದು ‘ವರಬೆಉತ’. ಮೇಜಿ ಕಾಲದ (1868–1912) ಶಾಲೆಗಳು ಕಲಿಸಿದ್ದು ‘ಶೋಕ’. 1918ರಲ್ಲಿ ಶುರುವಾದ ಮಕ್ಕಳ ಪತ್ರಿಕೆಯೊಂದರಿಂದ ಹಬ್ಬಿ, ಕವಿಗಳು ಮಕ್ಕಳಿಗೆಂದೇ ಬರೆದದ್ದು ‘ದೋಯೋ’. ಶೋಕ ಎಂದು ಬರೆದರೆ ಕನ್ನಡದಲ್ಲಿ ದುಃಖ ಎಂದಾಗುತ್ತದೆ, ‘ಶಾಲಾಗೀತೆ’ ಎನ್ನಿ. ಹೆಸರುಗಳನ್ನು ಇಂಗ್ಲಿಷ್ ಲಿಪಿಯಿಂದ ಇಳಿಸಿಕೊಂಡದ್ದರಿಂದ ನಿಮ್ಮ ಒಕಾರ ಓಕಾರಗಳು ಅದಲುಬದಲಾಗಿವೆ. ನಮ್ಮ ಲಿಪಿಯಲ್ಲಿ ಎರಡೂ ಇವೆ, ಬೇರೆಯಾಗಿಯೇ ಬರೆಯಿರಿ.

‘ಫುಯು ನೊ ಯೊರು’, ಚಳಿಗಾಲದ ರಾತ್ರಿ, 1912ರದು. ಎರಡನೆಯ ಚರಣದಲ್ಲಿ ಬೆಂಕಿಗುಂಡಿಯ ಪಕ್ಕ ಹಗ್ಗ ಹೊಸೆಯುವ ಅಪ್ಪ ‘ಹಳೆಯ ನೆನಪು ಹೇಳುತ್ತಾನೆ’ ಎಂದು ಅನುವಾದಿಸಿ 1912 ಎಂದು ನಮೂದಿಸಿದ್ದೀರಿ. 1912ರ ಪಾಠದಲ್ಲಿ ಅಪ್ಪ ಹೇಳುವುದು ಕಳೆದ ಯುದ್ಧದ ಸಾಹಸ. ಎರಡನೆಯ ಮಹಾಯುದ್ಧದ ನಂತರ ಆ ಸಾಲನ್ನು ಬದಲಿಸಿದರು. ಎರಡೂ ಪಾಠಗಳನ್ನು ಅಕ್ಕಪಕ್ಕ ಕೊಡಿ, ಓದುಗರು ತಾವೇ ನೋಡುತ್ತಾರೆ.

‘ತಕಿಬಿ’ಯ ಪರಿಚಯವೂ ಹೀಗೆಯೇ ಸಪ್ಪೆ. ತರಗೆಲೆಯ ಬೆಂಕಿ ಕಾಯಿಸುವ ಈ ಹಾಡನ್ನು ಬರೆದದ್ದು ತತ್ಸುಮಿ ಸೇಕ, ರಾಗ ವತನಬೆ ಶಿಗೆರು ಅವರದು. ರೇಡಿಯೊದಲ್ಲಿ ಬಂದದ್ದು 1941ರ ಡಿಸೆಂಬರ್ 9ರಂದು, ಪರ್ಲ್ ಹಾರ್ಬರ್ ದಾಳಿಯ ಮಾರನೆಯ ದಿನ. ಬೆಂಕಿ ಶತ್ರು ವಿಮಾನಕ್ಕೆ ಗುರುತಾಗುತ್ತದೆ, ತರಗೆಲೆ ಕೂಡ ಉರುವಲು ಎಂದು ಸೇನೆ ಆಕ್ಷೇಪಿಸಿತು, ಎರಡೇ ದಿನಕ್ಕೆ ಪ್ರಸಾರ ನಿಂತಿತು. ಮತ್ತೆ ರೇಡಿಯೊ ಏರಿದ್ದು 1949ರಲ್ಲಿ. ಲೇಖನದ ಜೀವ ಇಲ್ಲಿದೆ, ಇದನ್ನೇ ಬಿಟ್ಟಿದ್ದೀರಿ. ಹಾಡಿನಲ್ಲಿ ಮಕ್ಕಳ ಕೈ ‘ಒಡೆದಿದೆ’ ಎಂದಿರುವುದನ್ನೂ ಸರಿಪಡಿಸಿ. ‘ಶಿಮೊಯಕೆ’ ಎಂದರೆ ಕಡುಚಳಿಗೆ ಬೆರಳು ಕೆಂಪಾಗಿ ಊದಿಕೊಂಡು ತುರಿಸುವುದು. ಆ ತುರಿಕೆಯೇ ಅಲ್ಲಿ ಮುಖ್ಯ.

ಹಕ್ಕುಸ್ವಾಮ್ಯ. ತತ್ಸುಮಿ ತೀರಿಕೊಂಡದ್ದು 1973ರಲ್ಲಿ, ನಮ್ಮ ಕಾನೂನಿನ 60 ವರ್ಷ ಮುಗಿಯುವುದು 2033ರ ಕೊನೆಗೆ. ಹೊಸವರ್ಷಕ್ಕೆ ಇನ್ನೆಷ್ಟು ರಾತ್ರಿ ಮಲಗಬೇಕು ಎಂದು ಕೇಳುವ ‘ಒಶೋಗತ್ಸು’ ಹಾಡಿನ ರಾಗ ಮುಕ್ತ, ತಕಿ ರೆಂತರೋ 1903ರಲ್ಲೇ ತೀರಿಕೊಂಡರು. ಆದರೆ ಸಾಹಿತ್ಯ ಬರೆದ ಹಿಗಶಿ ಕುಮೆ ಬದುಕಿದ್ದು 1969ರವರೆಗೆ. ಈ ಎರಡರ ಪೂರ್ಣ ಅನುವಾದವನ್ನು ಅನುಮತಿ ಇಲ್ಲದೆ ನಾವು ಹಾಕುವಂತಿಲ್ಲ. ಹಾಡಿನ ಬಗ್ಗೆ ಬರೆಯಿರಿ, ಸಾಲುಗಳು ಬೇಡ.

ಆದ್ದರಿಂದ ಒಂಬತ್ತು ಬಿಟ್ಟು ಮೂರು ತೆಗೆದುಕೊಳ್ಳಿ: ‘ಯುಕಿ’ ಪೂರ್ತಿ, ‘ಫುಯು ನೊ ಯೊರು’ ಎರಡು ಪಾಠಗಳಲ್ಲಿ, ‘ತಕಿಬಿ’ ಕಥೆಯಾಗಿ. ನಿಜವಾಗಿ ಹಳೆಯದು ಬೇಕೆಂದರೆ ಅದೂ ಇದೆ. 14ನೆಯ ಶತಮಾನದ ಸನ್ಯಾಸಿ ಯೊಶಿದ ಕೆಂಕೋ ತನ್ನ ‘ತ್ಸುರೆಜುರೆಗುಸ’ ಎಂಬ ಬಿಡಿಬರಹಗಳ ಪುಸ್ತಕದಲ್ಲಿ ‘ಫುರೆ ಫುರೆ ಕೊಯುಕಿ’, ಅಂದರೆ ‘ಬೀಳು ಬೀಳು ಪುಡಿಹಿಮವೇ’ ಎಂಬ ಮಕ್ಕಳ ಹಾಡನ್ನು ಚರ್ಚಿಸುತ್ತಾನೆ. ತೊಬ ಚಕ್ರವರ್ತಿ ಎಳೆಯನಾಗಿದ್ದಾಗ ಅದನ್ನು ಹೇಳಿದ್ದು 12ನೆಯ ಶತಮಾನದ ದಿನಚರಿಯೊಂದರಲ್ಲಿದೆ. ಜನ ‘ತಂಬ’ ಎಂದು ಪ್ರಾಂತ್ಯದ ಹೆಸರು ಸೇರಿಸಿ ಹಾಡುವುದು ತಪ್ಪು, ‘ತಮರೆ’, ಅಂದರೆ ‘ರಾಶಿಯಾಗು’ ಎಂದಿರಬೇಕು ಎಂದು ಬಲ್ಲವನೊಬ್ಬ ಮಾಡಿದ ತಿದ್ದುಪಡಿಯನ್ನು ಕೆಂಕೋ ದಾಖಲಿಸುತ್ತಾನೆ. ಪುಡಿಹಿಮ ಎಂಬ ಹೆಸರು ಏಕೆಂದೂ ಆ ಬಲ್ಲವನೇ ಹೇಳುತ್ತಾನೆ: ಅಕ್ಕಿ ಕುಟ್ಟಿ ಜರಡಿ ಹಿಡಿದಾಗ ಉದುರುವ ಹಾಗೆ ಕಾಣುವುದರಿಂದ. ಹಿಮವನ್ನೇ ಕಾಣದ ನಮ್ಮ ಮಕ್ಕಳಿಗೂ ಅದು ಗೊತ್ತು. ಲೇಖನವನ್ನು ಅಲ್ಲಿಂದ ಶುರು ಮಾಡಿ, 900 ಪದ ಮೀರದಿರಲಿ. ಕಳಿಸುವ ಮುನ್ನ ಪ್ರತಿ ಸಾಲಿನ ಪಕ್ಕ ಮಾತ್ರೆಯ ಸಂಖ್ಯೆ ಬರೆದಿಡಿ.

— ಸಂಪಾದಕರು