ಸೀರೀಸ್ ಬಲ್ಬ್ ಹಾಕದೆ ಲೈನಿಗೆ ಕೊಟ್ಟ ದಿನ: ಒಂದು ಆಪ್ತಸಲಹೆ ಪ್ರಕರಣ

ಅವರನ್ನು ಇಲ್ಲಿ ಮೇಸ್ತ್ರಿ ಎಂದೇ ಕರೆಯುತ್ತೇನೆ. ಗುರುತು ಸಿಗಬಾರದೆಂದು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದ ಹಿಂದೆ ಅವರದು ಮೋಟರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಫ್ಯಾನು, ಮಿಕ್ಸಿ, ಗ್ರೈಂಡರು, ನೀರಿನ ಪಂಪು, ಎಲ್ಲ ಬರುತ್ತವೆ. 22 ವರ್ಷದ ಅಂಗಡಿ.

ಕರೆದುಕೊಂಡು ಬಂದವರು ಹೆಂಡತಿ. "ಇವ್ರು ನಿದ್ದೆ ಮಾಡಲ್ಲ ಮೇಡಂ. ರಾತ್ರಿ ಎರಡು ಗಂಟೆಗೆ ಎದ್ದು ಫೋನಲ್ಲಿ ಬ್ಯಾಲೆನ್ಸ್ ನೋಡ್ತಾ ಕೂತಿರ್ತಾರೆ. ಗಿರಾಕಿಗಳ ಮೇಲೆ ರೇಗ್ತಾರೆ. ಮೊನ್ನೆ ನಮ್ಮ ಬೀದಿ ಅಜ್ಜೀಗೇ ಕೂಗಾಡಿ ಕಳಿಸಿದ್ರು" ಅಂದರು. ಮೇಸ್ತ್ರಿ ತಲೆ ಎತ್ತಲಿಲ್ಲ. ವಾರ್ನಿಷ್ ಹಿಡಿದು ಕಂದಾದ ಬೆರಳುಗಳಲ್ಲಿ ಅಂಗಿಯ ಗುಂಡಿ ತಿರುವುತ್ತ ಕೂತಿದ್ದರು.

ನಡೆದದ್ದು ಇಷ್ಟು. ಒಂದು ಮಧ್ಯಾಹ್ನ ಹಿಂದಿಯಲ್ಲಿ ಮಾತಾಡುವವನೊಬ್ಬ ಫೋನ್ ಮಾಡಿ, ತಾನು ಮಿಲಿಟರಿಯವನು, ಕ್ಯಾಂಪಿನಲ್ಲಿ 12 ಫ್ಯಾನು, 4 ಪಂಪು ಸುಟ್ಟಿವೆ, ನಾಳೆ ಗಾಡಿಯಲ್ಲಿ ಕಳಿಸುತ್ತೇನೆ ಅಂದ. ಗುರುತಿನ ಚೀಟಿಯ ಫೋಟೊ, ಯೂನಿಫಾರ್ಮಿನ ಫೋಟೊ ವಾಟ್ಸಾಪಿಗೆ ಬಂತು. ಮುಂಗಡ ಈಗಲೇ ಹಾಕುತ್ತೇವೆ, ಆದರೆ ನಮ್ಮ ಲೆಕ್ಕದ ಪದ್ಧತಿ ಬೇರೆ, ಮೊದಲು ನೀವು ಒಂದು ರೂಪಾಯಿ ಕಳಿಸಿ, ನಾವು ಎರಡು ವಾಪಸ್ ಹಾಕುತ್ತೇವೆ ಅಂದ. ಕಳಿಸಿದರು, ಎರಡು ರೂಪಾಯಿ ಬಂತು. ಆಮೇಲೆ 18,000ದ ಕ್ಯೂಆರ್ ಕೋಡ್ ಬಂತು. ಸ್ಕ್ಯಾನ್ ಮಾಡಿ ಪಿನ್ ಒತ್ತಿದರು. ದುಡ್ಡು ಹೋಯಿತು. "ಸರ್ವರ್ ತೊಂದರೆ, ಇನ್ನೊಂದು ಸಲ ಒತ್ತಿ, ಎರಡೂ ಸೇರಿ ವಾಪಸ್ ಬರುತ್ತೆ" ಅಂದ. ಒತ್ತಿದರು. ಒಟ್ಟು 36,000. ಮಗಳ ಕಾಲೇಜು ಫೀಸಿಗೆಂದು ಚೀಟಿ ಎತ್ತಿ ಇಟ್ಟಿದ್ದ ದುಡ್ಡು.

ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ನಮ್ಮ ಖಾತೆಯಿಂದಲೇ ಹೋಗುತ್ತದೆ. ಇದು ಅವರಿಗೆ ಗೊತ್ತಿತ್ತು. "ಗೊತ್ತಿದ್ದೂ ಒತ್ತಿದೆನಲ್ಲ ಮೇಡಂ" ಅನ್ನುವುದೇ ಅವರನ್ನು ತಿನ್ನುತ್ತಿತ್ತು. ನಾಚಿಕೆಯಿಂದ ಎರಡು ದಿನ ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮಗ, ಮೂರನೆಯ ದಿನ.

ಮೊದಲ ದಿನ ನಾನು ದುಡ್ಡಿನ ಮಾತು ಎತ್ತಲಿಲ್ಲ. ಹೆಂಡತಿಯನ್ನು ಹೊರಗೆ ಕೂರಿಸಿ, ಜೀವ ಬೇಡ ಅನ್ನಿಸಿದ್ದುಂಟೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಹಲವರು ಹೆದರುತ್ತಾರೆ, ಹಾಗಾಗುವುದಿಲ್ಲ. ಮೊದಲ ವಾರ ಅನ್ನಿಸಿತ್ತು, ಈಗ ಇಲ್ಲ ಅಂದರು. ಮತ್ತೆ ಅನ್ನಿಸಿದರೆ ಹೊತ್ತು ನೋಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ನಂಬರು ಬರೆದುಕೊಟ್ಟೆ. ಅವರ ಒಪ್ಪಿಗೆ ಪಡೆದು ಹೆಂಡತಿಗೂ ತಿಳಿಸಿದೆ.

ಎರಡನೆಯ ಸಲ ಬಂದಾಗ ಆ ಮಧ್ಯಾಹ್ನವನ್ನು ನಿಮಿಷ ನಿಮಿಷವಾಗಿ ಹೇಳಿಸಿದೆ. ಎಲ್ಲಿ ಮನಸ್ಸು ತಡೆಯಿತು, ಅಷ್ಟೇ ಹೇಳಿ ಅಂದೆ. ಬಹಳ ಹೊತ್ತು ಸುಮ್ಮನಿದ್ದು, "ಅವನು ರೇಟ್ ಕೇಳ್ಲಿಲ್ಲ" ಅಂದರು. 22 ವರ್ಷದಲ್ಲಿ ಒಬ್ಬ ಗಿರಾಕಿಯೂ ಎಷ್ಟಾಗುತ್ತೆ ಎಂದು ಕೇಳದೆ, ಸ್ವಲ್ಪ ನೋಡಿ ಹಾಕಿ ಅನ್ನದೆ ಹೋದದ್ದಿಲ್ಲವಂತೆ. ಸ್ವಲ್ಪ ಬಿಟ್ಟು ಇನ್ನೊಂದು ನೆನಪಾಯಿತು. "ಫ್ಯಾನಿಗೆ ಏನಾಗಿದೆ ಅಂತಲೂ ಹೇಳ್ಲಿಲ್ಲ. ಬೇರೆಯವ್ರು ಬಂದ ತಕ್ಷಣ ಗರ್ ಅಂತದೆ, ಕಟಕಟ ಅಂತದೆ, ಕೈಲಿ ತಳ್ಳಿದ್ರೆ ತಿರುಗ್ತದೆ ಅಂತಾರೆ. ಇವನು ಬರೀ ಪೇಮೆಂಟ್ ಪೇಮೆಂಟ್ ಅಂದ."

ಅವರ ಅನುಭವ ಅವರಿಗೆ ಕೈಕೊಟ್ಟಿರಲಿಲ್ಲ, ಎಚ್ಚರಿಸಿತ್ತು. ಆದರೆ ಆ ಎಚ್ಚರಿಕೆಯ ಮೇಲೆ ಮೂರು ಒಳ್ಳೆಯ ಗುಣಗಳು ಬಂದು ಕೂತಿದ್ದವು: ಸೈನಿಕರ ಮೇಲಿನ ಗೌರವ, ದೊಡ್ಡ ಕೆಲಸ ಸಿಕ್ಕ ಸಂತೋಷ, ಹಿಂದಿ ಸರಿಯಾಗಿ ಬಾರದೆ ಮತ್ತೆ ಕೇಳಲು ಸಂಕೋಚ. ಮೋಸಗಾರ ಹಿಡಿದುಕೊಂಡದ್ದು ಅದನ್ನೇ. ಸೇನೆಯ ಹೆಸರು ಹೇಳಿ ಹೀಗೆ ಸಣ್ಣ ಅಂಗಡಿಯವರನ್ನು ಸುಲಿಯುವುದು ದೇಶದ ಹಲವೆಡೆ ನಡೆದಿದೆ. ಅಂಥವರ ಮುಂದೆ ಬುದ್ಧಿವಂತರೂ ಬಿದ್ದಿದ್ದಾರೆ ಅಂದಾಗ ಮೇಸ್ತ್ರಿ ಮೊದಲ ಸಲ ನನ್ನ ಮುಖ ನೋಡಿದರು.

ಅಜ್ಜಿಯ ವಿಷಯ ಬಂದದ್ದು ಆಗ. ಮಿಕ್ಸಿ ಜಾರಿನ ಬುಷ್ ಹಾಕಿಸಿಕೊಂಡು, ದುಡ್ಡು ಬೆಂಗಳೂರಿನ ಮೊಮ್ಮಗ ಹಾಕುತ್ತಾನೆ ಎಂದು ಅವನು ಕಳಿಸಿದ ಸ್ಕ್ರೀನ್‌ಶಾಟ್ ತೋರಿಸಿದ್ದರು. ಇವರು "ಎಲ್ಲ ಕಳ್ಳರೇ" ಎಂದು ಜಾರು ಕಿತ್ತುಕೊಂಡಿದ್ದರು. ಅರ್ಧ ಗಂಟೆಯ ಮೇಲೆ ಖಾತೆ ನೋಡಿದರೆ 150 ರೂಪಾಯಿ ಬಂದಿತ್ತು. ಅಷ್ಟರಲ್ಲಿ ಅಜ್ಜಿ ಬರಿಗೈಯಲ್ಲಿ ಹೋಗಿಯಾಗಿತ್ತು. ಹೇಳುವಾಗ ಅವರ ಗಂಟಲು ಕಟ್ಟಿತು.

ಅವರ ಕೆಲಸದ ಬಗ್ಗೆ ಕೇಳಿದೆ. ರಿವೈಂಡ್ ಆದ ಮೋಟರನ್ನು ನೇರ ಲೈನಿಗೆ ಕೊಡುತ್ತೀರಾ? "ಎಲ್ಲಾದ್ರೂ ಉಂಟಾ! ಮೊದ್ಲು ಸೀರೀಸ್ ಬಲ್ಬಿನಲ್ಲಿ ನೋಡ್ತೀನಿ, ಅಂದ್ರೆ ಲೈನಿಗೂ ಮೋಟರಿಗೂ ನಡುವೆ ಒಂದು ಬಲ್ಬು ಹಾಕಿ. ಒಳಗೆ ಶಾರ್ಟ್ ಇದ್ರೆ ಬಲ್ಬು ಪೂರ್ತಿ ಉರೀತದೆ, ಮೋಟರ್ ಸುಡೋದು ತಪ್ಪುತ್ತೆ." ನೀವೇ ಸುತ್ತಿದ ಮೋಟರಿಗೂ? "ನಾನೇ ಸುತ್ತಿದ್ರೂ." ಅಂದರೆ ನಿಮ್ಮ ಕೈಕೆಲಸವನ್ನು ನಂಬುವುದಿಲ್ಲವೇ ಎಂದು ಕೇಳಿದೆ. "ನಂಬಿಕೆ ಮಾತೇ ಬರಲ್ಲ ಮೇಡಂ, ಅದು ಪದ್ಧತಿ" ಅಂದವರು, ಅಂದ ಮೇಲೆ ಸುಮ್ಮನಾದರು.

ಅಲ್ಲಿಂದ ಸಲಹೆ ಸುಲಭವಾಯಿತು. ಬಂದವರ ಮುಖ ನೋಡಿ ಇವನು ಕಳ್ಳ, ಇವನು ಸಾಚಾ ಎಂದು ದಿನವಿಡೀ ತೂಗುತ್ತ ಕೂತರೆ ನಿದ್ದೆ ಬರುವುದಿಲ್ಲ. ಎಲ್ಲರಿಗೂ ಒಂದೇ ಪದ್ಧತಿ ಇಡಿ, ಅಜ್ಜಿಗೂ ಅದೇ, ಅಧಿಕಾರಿಗೂ ಅದೇ. ಸ್ಕ್ರೀನ್‌ಶಾಟಿಗೆ ಬೆಲೆ ಬೇಡ, ಹುಸಿ ಸ್ಕ್ರೀನ್‌ಶಾಟ್ ಮಾಡುವ ಆ್ಯಪ್‌ಗಳೇ ಇವೆ. ದುಡ್ಡು ಬಂತೆಂದು ಕೂಗುವ ಸೌಂಡ್ ಬಾಕ್ಸ್ ಹೇಳಬೇಕು ಅಥವಾ ನಿಮ್ಮ ಖಾತೆಯಲ್ಲಿ ಕಾಣಬೇಕು, ಆಮೇಲೆ ವಸ್ತು. ವಸ್ತು ಅಂಗಡಿಗೆ ಬರುವ ಮೊದಲು ದುಡ್ಡಿನ ವ್ಯವಹಾರ ಬೇಡ. ಬಂದಾಗ ಗಿರಾಕಿಯ ಎದುರಿಗೇ ಫೋಟೊ, ಚೀಟಿಯಲ್ಲಿ ಸೀರಿಯಲ್ ನಂಬರು, ದೋಷ, ಅಂದಾಜು ಖರ್ಚು. ಬಿಚ್ಚಿದ ಹಳೆಯ ಪಾರ್ಟು ವಾಪಸ್ ಕೊಡಿ. ನನ್ನ ತಾಮ್ರದ ವೈಂಡಿಂಗ್ ತೆಗೆದು ಅಲ್ಯೂಮಿನಿಯಂ ಹಾಕಿದೆ ಎಂದು ಜಗಳ ತೆಗೆಯುವವರಿಗೆ ಆ ಚೀಟಿಯೇ ಉತ್ತರ.

"ತಪ್ಪಿ 1,500ರ ಬದಲು 15,000 ಹಾಕಿಬಿಟ್ಟೆ, ಉಳಿದದ್ದು ಈ ನಂಬರಿಗೆ ಕಳಿಸಿ" ಅನ್ನುವವರ ಬಗ್ಗೆ ಮಾತ್ರ ಬಿಡಿಸಿ ಹೇಳಿದೆ. ಬಹಳ ಸಲ ದುಡ್ಡು ಬಂದೇ ಇರುವುದಿಲ್ಲ, ಯಾವುದೋ ಮೊಬೈಲ್ ನಂಬರಿನಿಂದ ಬ್ಯಾಂಕಿನ ಹಾಗೆ ಮೆಸೇಜ್ ಬಂದಿರುತ್ತದೆ. ನಿಜವಾಗಿ ಬಂದಿದ್ದರೂ ಅದು ಇನ್ನಾರನ್ನೋ ವಂಚಿಸಿದ ದುಡ್ಡಾಗಿರಬಹುದು, ದೂರು ಬಂದರೆ ನಿಮ್ಮ ಖಾತೆಗೇ ತಡೆ ಬೀಳಬಹುದು. ನೀವಾಗಿ ಕಳಿಸಬೇಡಿ, ಬ್ಯಾಂಕಿನ ಮೂಲಕ ಬನ್ನಿ ಎನ್ನಿ. ಇನ್ನೊಮ್ಮೆ ಏನಾದರೂ ಆದರೆ ಆ ಕ್ಷಣವೇ 1930. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲು ಹಿಡಿಯುವ ಅವಕಾಶ ಇರುವುದು ಆಗಲೇ. ಮೇಸ್ತ್ರಿಗೆ ನಾಚಿಕೆ ತಂದ ದೊಡ್ಡ ನಷ್ಟ ಆ ಎರಡು ದಿನ ಎಂದು ನನಗನ್ನಿಸುತ್ತದೆ, ಅವರಿಗೂ ಹಾಗೇ ಹೇಳಿದೆ. ಮನೆಯವರಿಗೆ ಹೇಳಿದ್ದು ಇಷ್ಟೇ: ಎರಡು ತಿಂಗಳು "ನಿಮಗೆ ಅಷ್ಟೂ ಗೊತ್ತಾಗಲಿಲ್ವಾ" ಅನ್ನುವ ಮಾತು ಆಡಬೇಡಿ.

ಹೋದ ವಾರ ನಾಲ್ಕನೆಯ ಭೇಟಿ. 36,000ದಲ್ಲಿ ಏನೂ ವಾಪಸ್ ಬಂದಿಲ್ಲ. ನಿದ್ದೆ ನಾಲ್ಕೈದು ಗಂಟೆ ಬರುತ್ತಿದೆ. ಗೋಡೆಗೆ ಒಂದು ಬೋರ್ಡು ಬರೆಸಿದ್ದಾರೆ, ದುಡ್ಡು ಬಂದ ಸದ್ದು ಕೇಳಿದ ಮೇಲೆ ವಸ್ತು ಎಂದು. ಒಬ್ಬ ಹುಡುಗ ಮುಖ ಸಿಂಡರಿಸಿದನಂತೆ. "ಕೂತ್ಕೊಳ್ಳಪ್ಪ, ಎರಡು ನಿಮಿಷ, ಎಲ್ರಿಗೂ ಇದೇ" ಅಂದೆ ಅಂದರು. ಅಜ್ಜಿಯ ಮನೆಗೆ ಹೋಗಿದ್ದಿರಾ ಎಂದು ಕೇಳಿದೆ. ಜಾರಿಗೆ ಹೊಸ ಬ್ಲೇಡೂ ಹಾಕಿ ತಾವೇ ಒಯ್ದು ಕೊಟ್ಟಿದ್ದಾರೆ. ಅಜ್ಜಿ ಒಳಗೆ ಕರೆದು, ಅದೇ ಜಾರಿನಲ್ಲಿ ಚಟ್ನಿ ರುಬ್ಬಿ, ದೋಸೆ ಹಾಕಿಕೊಟ್ಟರಂತೆ.