ಕೇರಳ ಒತ್ತಿದರೆ ಕನ್ನಡ ಮಾಯ

ಮಾರಾಯ, ಮೊನ್ನೆ ರಾತ್ರಿ ನೀನು ಕಳಿಸಿದ ಮೆಸೇಜನ್ನು ಮೂರು ಸಲ ಓದಿದೆ. "ನಮ್ಮ ಹೈಸ್ಕೂಲ್ ಮಕ್ಕಳ ನಾಯಕತ್ವ ಶಿಬಿರಕ್ಕೆ ಎಲ್ಲೆಲ್ಲಿಂದಲೋ ಅರ್ಜಿ ಬಂದಿದೆ. ನಿಮ್ಮ ಕಡೆಯಿಂದ ಒಂದೂ ಇಲ್ಲ. ನಿಮ್ಮ ಮಕ್ಕಳಿಗೆ ಇಂಥದ್ದರಲ್ಲೆಲ್ಲ ಆಸಕ್ತಿ ಇಲ್ವಾ? ಅಥವಾ ಕನ್ನಡದಲ್ಲಿ ಬರೆಯೋದು ಕಷ್ಟ ಆಗುತ್ತಾ?" ಕೊನೆಗೊಂದು ನಗುವ ಮುಖ ಬೇರೆ.

ಆ ಮುಖ ಇಲ್ಲದಿದ್ದರೆ ಒಂದೇ ಸಾಲಿನ ಉತ್ತರ ಹಾಕಿ ಮಲಗುತ್ತಿದ್ದೆ. ಈಗ ಪೂರ್ತಿ ಓದು.

ನೀನು ನಮ್ಮ ಊರಿಗೆ ಬಂದದ್ದು ಒಂದೇ ಸಲ, ನನ್ನ ತಂಗಿಯ ಮದುವೆಗೆ. ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಬಸ್ಸಿಳಿದವನೇ "ಅರೆ, ಇಲ್ಲೂ ಕನ್ನಡ ಬೋರ್ಡ್ ಇದೆಯಲ್ಲೋ" ಅಂದಿದ್ದೆ. ಮದುವೆಯ ಗಡಿಬಿಡಿಯಲ್ಲಿ ಅದನ್ನು ಬಿಟ್ಟೆ. ನೀನು ಇಳಿದ ಆ ಪೇಟೆಯ ಹತ್ತಿರವೇ, ಪೆರಡಾಲದಲ್ಲಿ, ಕಯ್ಯಾರ ಕಿಞ್ಞಣ್ಣ ರೈಗಳು ಇದ್ದದ್ದು. ಪದ್ಯ ಬರೆದರು, ಶಾಲೆಯಲ್ಲಿ ಪಾಠ ಹೇಳಿದರು, ಬೇಸಾಯ ಮಾಡಿದರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆದರು. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡರು. ಆಚೆ ಮಂಜೇಶ್ವರದಲ್ಲಿ ಗೋವಿಂದ ಪೈಗಳು. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಅಂತ ಬಿರುದು ಕೊಟ್ಟಾಗ ಅದು ಕನ್ನಡಕ್ಕೆ ಬಂದ ಮೊದಲನೆಯದು. "ಕನ್ನಡ ಬರೆಯೋದು ಕಷ್ಟ ಆಗುತ್ತಾ" ಅಂತ ಈ ಕಡೆಯವರನ್ನು ಕೇಳುವಾಗ ಸ್ವಲ್ಪ ಆಚೀಚೆ ನೋಡಿಕೊಂಡು ಕೇಳಬೇಕಪ್ಪ.

ಇರಲಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ತೀರ್ವೆ ರಶೀದಿ ಉಂಟು. ಅದರಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ಅಂತ ಇದೆ. 1956 ನವೆಂಬರ್ 1ಕ್ಕೆ ನಾವು ಕೇರಳ. ಆಮೇಲೆ ಕಣ್ಣೂರು ಜಿಲ್ಲೆ. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆ. ಇಷ್ಟೆಲ್ಲ ಆಗುವಾಗ ನಮ್ಮ ಮನೆಯ ಬಾವಿ ಇದ್ದಲ್ಲೇ ಇತ್ತು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸಿ ಅಂತ ವರದಿ ಕೊಟ್ಟಿತು. ವರದಿ ಇದೆ. ನಾವೂ ಇದ್ದೇವೆ. ಅಜ್ಜ ಅದಕ್ಕಾಗಿ ಕಾದರು. ಅಪ್ಪ ಮೆರವಣಿಗೆಗೆ ಹೋದರು. ನನ್ನ ಬೇಡಿಕೆ ತುಂಬ ಸಣ್ಣದು. ನಿಮ್ಮ ಅರ್ಜಿಯಲ್ಲಿ ಒಂದು ಡಬ್ಬಿ, ಅಷ್ಟೇ.

ನನ್ನದು ಜೆರಾಕ್ಸ್ ಅಂಗಡಿ ಅಂತ ನೀನು ತಮಾಷೆ ಮಾಡ್ತೀಯಲ್ಲ, ಇಲ್ಲಿ ಜೆರಾಕ್ಸ್ ಕಡಿಮೆ, ಫಾರಂ ತುಂಬಿಸೋದೇ ಜಾಸ್ತಿ. ಸರ್ಕಾರದ ಸರ್ಟಿಫಿಕೇಟಿಗೆ ಜನ ಅಕ್ಷಯ ಕೇಂದ್ರಕ್ಕೆ ಹೋಗುತ್ತಾರೆ. ಉಳಿದ ರಗಳೆಯೆಲ್ಲ ನನ್ನಲ್ಲಿಗೆ. ನಿಮ್ಮ ಪೋಸ್ಟರನ್ನೂ ನಾನೇ ಪ್ರಿಂಟ್ ತೆಗೆದು ಗಾಜಿಗೆ ಅಂಟಿಸಿದೆ. ನಾಲ್ಕು ದಿನದಲ್ಲಿ ಐದು ಮಕ್ಕಳು ಬಂದರು. ಐದೂ ಜನರ ಅರ್ಜಿ ಒಂದೇ ಜಾಗದಲ್ಲಿ ನಿಂತಿತು.

ಎರಡನೇ ಪುಟ ತೆಗೆದು ನೋಡು. ಮೊದಲು "ರಾಜ್ಯ" ಅಂತ ಕೇಳುತ್ತದೆ. ಕೇರಳ ಅಂತ ಒತ್ತಿದರೆ ಕೆಳಗೆ "ಅರ್ಜಿಯ ಭಾಷೆ" ಅನ್ನುವಲ್ಲಿ ಎರಡೇ ಆಯ್ಕೆ: ಮಲಯಾಳಂ, ಇಂಗ್ಲಿಷ್. ಕನ್ನಡ ಮಾಯ. ಕನ್ನಡ ಬೇಕು ಅಂದರೆ ರಾಜ್ಯ ಕರ್ನಾಟಕ ಅಂತ ಹಾಕಬೇಕು. ಹಾಕಿದೆವು ಅಂತಲೇ ಇಟ್ಟುಕೋ. ಆಗ ಜಿಲ್ಲೆ ಕೇಳುತ್ತದೆ. ಬೀದರದಿಂದ ಚಾಮರಾಜನಗರದವರೆಗೆ ಎಲ್ಲ ಉಂಟು, ಕಾಸರಗೋಡು ಇಲ್ಲ. ಸರಿ, ದಕ್ಷಿಣ ಕನ್ನಡ ಅಂತ ಹಾಕಿದೆ. ಆಗ ಪಿನ್ ಕೋಡ್. ನಮ್ಮದು 671ರಿಂದ ಶುರುವಾಗುತ್ತದೆ. ಬೆರಳು ತೆಗೆಯುವ ಮೊದಲೇ ಕೆಂಪು ಅಕ್ಷರ ಬಂತು: "ಪಿನ್ ಕೋಡ್ ನಿಮ್ಮ ಜಿಲ್ಲೆಗೆ ಹೊಂದುತ್ತಿಲ್ಲ." ಗೊತ್ತು ಮಾರಾಯ, ನಮಗೂ ಗೊತ್ತು!

ಒಬ್ಬ ಹುಡುಗನ ಅಪ್ಪ ಒಂದು ಉಪಾಯ ಹೇಳಿದರು. "ವಿಟ್ಲದಲ್ಲಿ ಇವನ ಅಜ್ಜಿಮನೆ ಉಂಟು, ಅಲ್ಲಿಯ ವಿಳಾಸ ಹಾಕಿ ಬಿಡಿ." ಹಾಕಬಹುದಿತ್ತು. ಆದರೆ ಮುಂದಿನ ಪುಟದಲ್ಲಿ ಶಾಲೆಯ ಐಡಿ ಕಾರ್ಡ್, ಆಧಾರ್ ಎರಡೂ ಅಪ್‌ಲೋಡ್ ಮಾಡಬೇಕು. ಅದರಲ್ಲಿ ಕಾಸರಗೋಡು ಅಂತ ದೊಡ್ಡದಾಗಿ ಇದೆ. ನಾಯಕತ್ವ ಶಿಬಿರಕ್ಕೆ ಸೇರಲು ಮೊದಲ ಹೆಜ್ಜೆಯೇ ಸುಳ್ಳು ವಿಳಾಸ ಅಂತಾದರೆ ಆ ಮಗು ಎಂತ ಕಲಿತ ಹಾಗಾಯಿತು? ಹುಡುಗನೇ ಬೇಡ ಅಂದ. ಅಪ್ಪನಿಗೆ ಸ್ವಲ್ಪ ಬೇಜಾರಾಯಿತು.

ನಿಮ್ಮ ಸಹಾಯವಾಣಿಗೂ ಫೋನ್ ಮಾಡಿದೆ. ಎತ್ತಿದ ಹುಡುಗಿ ಒಳ್ಳೆಯವಳೇ. "ಸರ್, ಕೇರಳದವರಿಗೆ ಇಂಗ್ಲಿಷ್ ಆಯ್ಕೆ ಇದೆಯಲ್ಲ" ಅಂದಳು. ನಾನು ಕಾಸರಗೋಡು, ಕನ್ನಡ ಮಾಧ್ಯಮ, ಎಲ್ಲ ವಿವರಿಸಿದೆ. ಹತ್ತು ನಿಮಿಷ ಆಗಿರಬೇಕು. ಪೂರ್ತಿ ಕೇಳಿದ ಮೇಲೆ ಅವಳು ಹೇಳಿದ್ದು: "ನೀವು ಕನ್ನಡ ತುಂಬಾ ಚೆನ್ನಾಗಿ ಮಾತಾಡ್ತೀರಿ ಸರ್." ನಾನು ಥ್ಯಾಂಕ್ಸ್ ಹೇಳಿ ಇಟ್ಟೆ.

ಇದು ನಿಮ್ಮೊಬ್ಬರದೇ ತಪ್ಪು ಅಂತ ನಾನು ಹೇಳುವುದಿಲ್ಲ. ಸ್ಕಾಲರ್‌ಶಿಪ್, ಪ್ರಬಂಧ ಸ್ಪರ್ಧೆ, ಕ್ವಿಜ್, ಎಲ್ಲ ಕಡೆ ಇದೇ ಕಥೆ. ರಾಜ್ಯ ಹೇಳಿದರೆ ಭಾಷೆ ತಾನಾಗಿಯೇ ಗೊತ್ತಾಗುತ್ತದೆ ಅಂತ ಫಾರಂ ಮಾಡುವವರ ಲೆಕ್ಕ. ಕರ್ನಾಟಕದ ಸಿಇಟಿಯಲ್ಲಿ ಮಾತ್ರ ನಮ್ಮ ಹೆಸರು ಹಿಡಿದು ಕರೆಯುತ್ತಾರೆ. ಗಡಿನಾಡು ಕನ್ನಡಿಗ ಅಂತ ಒಂದು ವಿಭಾಗ ಇದೆ. ನಮ್ಮ ಕಡೆಯ ಕಾಸರಗೋಡು, ಮಂಜೇಶ್ವರ, ಹೊಸದುರ್ಗ, ಆಚೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಎಲ್ಲ ಅದರಲ್ಲಿ ಬರುತ್ತವೆ. ಖುಷಿಯ ವಿಷಯವೇ. ಆದರೆ ಆ ವಿಭಾಗದಲ್ಲಿ ಹೋಗುವವರು ಒಂದು ಕನ್ನಡ ಪರೀಕ್ಷೆ ಬರೆಯಬೇಕು, ಕನ್ನಡ ಬರುತ್ತದೆ ಅಂತ ತೋರಿಸಲು. ಒಂದರಿಂದ ಹತ್ತರವರೆಗೆ ವಿಜ್ಞಾನ, ಗಣಿತ, ಸಮಾಜ ಎಲ್ಲ ಕನ್ನಡದಲ್ಲೇ ಓದಿದ ನಮ್ಮ ಮಕ್ಕಳೂ ಬರೆಯುತ್ತಾರೆ. ನಿನ್ನ ಮಗ ಬರೆಯಬೇಕಾಗಿಲ್ಲ. ಅವನು ಕನ್ನಡದಲ್ಲಿ ಅರವತ್ತೇಳು ಅಂದರೆ ಎಷ್ಟು ಅಂತ ನನ್ನನ್ನೇ ಕೇಳಿದ್ದು ನೆನಪಿದೆಯಾ? ಸುಮ್ನೆ ಹೇಳಿದೆ.

ಅಂಕದ ಡಬ್ಬಿಯ ಬಗ್ಗೆಯೂ ಒಂದು ಮಾತು. ಅಲ್ಲಿ ಶೇಕಡಾ ಕೇಳುತ್ತೀರಿ, ಅಂಕಿ ಬಿಟ್ಟು ಬೇರೆ ಹಾಕಿದರೆ ತೆಗೆದುಕೊಳ್ಳುವುದಿಲ್ಲ. ಕೇರಳದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗ್ರೇಡು. ಎ ಪ್ಲಸ್ ಅಂದರೆ 90ರಿಂದ 100ರ ಒಳಗೆ ಎಲ್ಲೋ. 90 ಹಾಕಿದರೆ ಮಗುವಿಗೆ ನಷ್ಟ, 100 ಹಾಕಿದರೆ ಸುಳ್ಳು. ನಾನು 95 ಹಾಕುತ್ತೇನೆ. ದೇವರು ಕೇಳಿದರೂ ಅದನ್ನೇ ಹೇಳುತ್ತೇನೆ. ಹಾಗೆಯೇ ಚಟುವಟಿಕೆಗಳ ಪಟ್ಟಿಯಲ್ಲಿ ಎನ್‌ಸಿಸಿ, ಸ್ಕೌಟ್ಸ್ ಇದೆ, ಸ್ಟೂಡೆಂಟ್ ಪೊಲೀಸ್ ಕೆಡೆಟ್ ಇಲ್ಲ. 2010ರಲ್ಲಿ ಕೇರಳದಲ್ಲಿ ಶುರುವಾದದ್ದು ಅದು, ಇಲ್ಲಿ ಅದರ ಯೂನಿಫಾರಂ ಹಾಕಿದ ಮಕ್ಕಳ ಗತ್ತೇ ಬೇರೆ. ಅದನ್ನು "ಇತರೆ" ಅನ್ನುವಲ್ಲಿ ಹಾಕಿದೆವು. ಮನೆಮಾತು ತುಳು, ಅದೂ ಇತರೆ. ಬ್ಯಾರಿ, ಇತರೆ. ಸಪ್ತಭಾಷಾ ಸಂಗಮ ಭೂಮಿ ಅಂತ ನಮ್ಮ ಊರಿನ ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ನಿಮ್ಮ ಫಾರಂನಲ್ಲಿ ಸಂಗಮ ಆಗುವುದು "ಇತರೆ" ಅನ್ನುವ ಒಂದೇ ಡಬ್ಬಿಯಲ್ಲಿ.

ಆ ಐದು ಮಕ್ಕಳಲ್ಲಿ ಒಬ್ಬಳ ವಿಷಯ ಹೇಳಬೇಕು. ಒಂಬತ್ತನೇ ಕ್ಲಾಸು. ಅಮ್ಮ ಬೀಡಿ ಕಟ್ಟುತ್ತಾರೆ, ಅಪ್ಪ ತೋಟದ ಕೆಲಸಕ್ಕೆ ಹೋಗುತ್ತಾರೆ. ಸಂಜೆ ನಾಲ್ಕೂಕಾಲಕ್ಕೆ ಬ್ಯಾಗು ಬೆನ್ನಿಗೆ ಹಾಕಿಕೊಂಡೇ ಬಂದು ನಿಂತಳು. ಕೂತುಕೋ ಅಂದರೆ ಕೂರಲಿಲ್ಲ. ನಿಮ್ಮ ಪ್ರಶ್ನೆ ಓದಿ ಹೇಳಿದೆ: "ನೀವು ಮುಂದಾಳತ್ವ ವಹಿಸಿದ ಒಂದು ಸಂದರ್ಭವನ್ನು 300 ಪದಗಳಲ್ಲಿ ವಿವರಿಸಿ."

"ನಾನು ಎಂತ ಲೀಡರ್ ಅಣ್ಣ? ನಾನು ಕ್ಲಾಸ್ ಲೀಡರೂ ಅಲ್ಲ" ಅಂದಳು.

"ಮತ್ತೆ ಯಾಕೆ ಬಂದದ್ದು?"

"ಶಿಬಿರ ಬೆಂಗಳೂರಿನಲ್ಲಲ್ವಾ. ನೋಡಲಿಲ್ಲ ಬೆಂಗಳೂರು."

ಪ್ರಾಮಾಣಿಕ ಉತ್ತರ. ಅದನ್ನೇ ಬರಿ ಅಂತ ಹೇಳೋಣ ಅನ್ನಿಸಿತು. ಆಮೇಲೆ ಮಾತಾಡುತ್ತಾ ಹೋದ ಹಾಗೆ ಒಂದೊಂದೇ ಹೊರಗೆ ಬಂತು. ಅವಳ ಅಮ್ಮ ಕುಟುಂಬಶ್ರೀ ಘಟಕದ, ಅಂದರೆ ಇಲ್ಲಿಯ ಹೆಂಗಸರ ಸ್ವಸಹಾಯ ಸಂಘದ, ಸೆಕ್ರೆಟರಿ. ಸುತ್ತೋಲೆ ಬರುವುದು ಮಲಯಾಳದಲ್ಲಿ. ಅಮ್ಮ ಓದಿದ್ದು ಕನ್ನಡ, ಅದೂ ಏಳನೇ ಕ್ಲಾಸು. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಹಾಗಾಗಿ ಭಾನುವಾರ ಹದಿನೈದು ಹೆಂಗಸರ ನಡುವೆ ಈ ಹುಡುಗಿ ಕೂತು ಸುತ್ತೋಲೆಯನ್ನು ಓದಿ ತುಳುವಿನಲ್ಲಿ ಹೇಳುತ್ತಾಳೆ. ಸಾಲದ ಬಡ್ಡಿ ಎಷ್ಟು, ಯಾವ ದಿನದ ಒಳಗೆ ಕಟ್ಟಬೇಕು, ಎಲ್ಲ ಇವಳ ಬಾಯಲ್ಲೇ. ನೆರೆಮನೆಯ ಅಜ್ಜಿಗೆ ಕರೆಂಟ್ ಬಿಲ್ಲಿನ ಹಿಂದೆ ಬರೆದದ್ದನ್ನೂ ಇವಳೇ ಓದಿ ಹೇಳಬೇಕು.

ಶಾಲೆಯದ್ದು ಇನ್ನೊಂದು ಕಥೆ. ಕಳೆದ ವರ್ಷ ಇವರ ಕ್ಲಾಸಿಗೆ ಗಣಿತಕ್ಕೆ ಒಬ್ಬರು ಟೀಚರ್ ಬಂದರು. ಕೇರಳದ ತೆಂಕು ಕಡೆಯವರು. ಕನ್ನಡದ ಒಂದಕ್ಷರ ಬಾರದು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದವರು ಬರುವುದು ಇಲ್ಲಿ ಹಳೆಯ ಸಂಕಟ. ಇದಕ್ಕಾಗಿ ಮಕ್ಕಳೂ ಹೆತ್ತವರೂ ಗೇಟಿನ ಎದುರು ಕೂತದ್ದೂ ಉಂಟು, ಕೋರ್ಟಿಗೆ ಹೋದದ್ದೂ ಉಂಟು. ಈ ಕ್ಲಾಸಿನ ಮಕ್ಕಳು ಗೇಟಿಗೆ ಹೋಗಲಿಲ್ಲ. ಟೀಚರ್ ಬೋರ್ಡಿನಲ್ಲಿ ಬರೆಯುತ್ತಾ ಮಲಯಾಳದಲ್ಲಿ ಹೇಳುತ್ತಾರೆ, ಇವಳು ಎರಡನೇ ಬೆಂಚಿನಿಂದ ಎದ್ದು ನಿಂತು ಕನ್ನಡದಲ್ಲಿ ಹೇಳುತ್ತಾಳೆ. ಮೊದಮೊದಲು ನಗು, ಆಮೇಲೆ ಅಭ್ಯಾಸ. "ವರ್ಗಮೂಲಕ್ಕೆ ಮಲಯಾಳದಲ್ಲಿಯೂ ಹತ್ತಿರ ಹತ್ತಿರ ಅದೇ ಅಣ್ಣ, ಅದು ಸುಲಭ" ಅಂದಳು. ಇಡೀ ವರ್ಷ ಹೀಗೆ. ಪಾಠ ಟೀಚರದ್ದು, ಅರ್ಥ ಇವಳದ್ದು.

"ಇದನ್ನೇ ಬರೆಯೇ" ಅಂದೆ.

ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ, "ಶಿಫಾರಸು ಪತ್ರ ಬೇಕಲ್ಲ ಅಣ್ಣ. ಅದನ್ನು ಬರೆಯೋದು ಅದೇ ಟೀಚರ್. ಅವರಿಗೆ ಬೇಜಾರಾದರೆ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಒಂದು ಕಡೆ ನನಗೆ ಸಿಟ್ಟು. ಆ ವರ್ಷ ಹಿಂದಿನ ಬೆಂಚಿನ ಎಷ್ಟು ಮಕ್ಕಳಿಗೆ ಗಣಿತ ಕೈತಪ್ಪಿತೋ, ಲೆಕ್ಕ ಇಟ್ಟವರಿಲ್ಲ. ಇನ್ನೊಂದು ಕಡೆ, ಆ ಟೀಚರ್ ಎಂತ ಮಾಡುತ್ತಾರೆ ಪಾಪ? ಪೋಸ್ಟಿಂಗ್ ಕೊಟ್ಟಲ್ಲಿಗೆ ಬಂದವರು. ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದಾರೆ. ಕನ್ನಡ ಅಕ್ಷರಮಾಲೆಯ ಚಾರ್ಟನ್ನು ಲ್ಯಾಮಿನೇಟ್ ಮಾಡಿಸಿದ್ದು ನನ್ನ ಅಂಗಡಿಯಲ್ಲೇ. ತುಂಬ ಸಿಟ್ಟಿನ ಲೇಖನಗಳಲ್ಲಿ ಈ ಚಾರ್ಟಿನ ವಿಷಯ ಬರುವುದಿಲ್ಲ ನೋಡು.

ಕೇರಳದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ನೀನು ಇದನ್ನು ಅಲ್ಲಿ ಯಾರಿಗಾದರೂ ತೋರಿಸಿ "ಪಾಪ, ಎಷ್ಟು ಕಷ್ಟ" ಅನ್ನಬಾರದು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಅಂತ ಕಾನೂನು ತಂದಾಗ ನಾವೂ ಬೀದಿಗಿಳಿದೆವು. ಅದು ಬೇರೆ. ಆದರೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿ ಕೊಡುವುದು ಕೇರಳವೇ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರುತ್ತದೆ. ಇಡೀ ರಾಜ್ಯದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಸ್ಪರ್ಧೆ ಉಂಟು. 2019ರಲ್ಲಿ ಆ ಕಲೋತ್ಸವ ನಮ್ಮ ಕಾಞಂಗಾಡಿನಲ್ಲೇ ಆಯಿತು. ಮತ್ತೆ 2020ರಲ್ಲಿ ಕೊರೋನಾ ಬಂದಾಗ ಗಡಿ ರಸ್ತೆಗಳಿಗೆ ಮಣ್ಣು ಸುರಿದದ್ದು ನಿಮ್ಮ ಕರ್ನಾಟಕವೇ ಅಂತ ನಿನಗೆ ಗೊತ್ತು. ಮಂಗಳೂರು ನಮಗೆ 50 ಕಿಲೋಮೀಟರ್ ಆಸುಪಾಸು, ತಿರುವನಂತಪುರ 500ಕ್ಕಿಂತ ಜಾಸ್ತಿ. ಆಸ್ಪತ್ರೆಗೆ ಹೋಗುವವರು ಗಡಿಯ ತಲಪಾಡಿಯಲ್ಲಿ ನಿಂತರು. ನವೆಂಬರ್ ಒಂದಕ್ಕೆ "ಕಾಸರಗೋಡು ನಮ್ಮದು" ಅಂತ ಸ್ಟೇಟಸ್ ಹಾಕುವವರು ಆಗ ಎಲ್ಲಿದ್ದರು ಅಂತ ನಾನು ಕೇಳುವುದಿಲ್ಲ. ನೀನೂ ಹಾಕಿದ್ದೆ, ಅದಕ್ಕೆ.

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮೂರನೇ ದಿನ ಎರಡು ಹಾಳೆ ಹಿಡಿದುಕೊಂಡು ಬಂದಳು. ನೋಟ್ ಪುಸ್ತಕದಿಂದ ಹರಿದದ್ದು, ನೀಲಿ ಶಾಯಿ, ಮೂರು ಕಡೆ ಕಾಟು ಹೊಡೆದದ್ದು. ಟೀಚರ್ ವಿಷಯವನ್ನು ಬರೆದಿದ್ದಳು. ಬರೆದು ಮೊದಲು ಟೀಚರಿಗೇ ಓದಿ ಹೇಳಿದಳಂತೆ, ಮಲಯಾಳದಲ್ಲಿ. "ಎಂತ ಹೇಳಿದರು?" ಅಂತ ಕೇಳಿದೆ. "ಒಂದು ಕಡೆ ನಾನು ಲೆಕ್ಕ ತಪ್ಪು ಹೇಳಿಕೊಟ್ಟದ್ದನ್ನು ಬರೆಯಲಿಲ್ಲ ಅಂತ ಹೇಳಿದರು. ಅದನ್ನೂ ಸೇರಿಸಿದೆ." ಶಿಫಾರಸು ಪತ್ರ ಇಂಗ್ಲಿಷಿನಲ್ಲಿ ಇತ್ತು. ಕೆಳಗೆ ಟೀಚರ್ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದಿದ್ದರು. ಒತ್ತಕ್ಷರ ಒಂದು ಪಕ್ಕಕ್ಕೆ ಹೋಗಿತ್ತು.

ಆ ಎರಡು ಹಾಳೆಗಳನ್ನು ಇಂಗ್ಲಿಷಿಗೆ ಮಾಡಿ ಹಾಕಲು ನಾನು ಒಪ್ಪಲಿಲ್ಲ. ಕನ್ನಡದಲ್ಲಿ ಬರೆದು ಕಳಿಸಿ ಅಂತ ನಿಮ್ಮ ಪೋಸ್ಟರಿನಲ್ಲೇ ಇದೆ. ಬೇಕಾದರೆ ಅವಳು ಮಲಯಾಳದಲ್ಲೂ ಬರೆದು ಕೊಡುತ್ತಾಳೆ, ಅದು ಬೇರೆ. ಆದರೆ ಅವಳು ಬರೆದದ್ದು ಕನ್ನಡ. ಟೈಪ್ ಮಾಡಿ ಇಟ್ಟಿದ್ದೇನೆ, 312 ಪದ ಆಗಿದೆ. ಹನ್ನೆರಡು ಪದಕ್ಕೆ ತಕರಾರು ತೆಗೆಯಬೇಡ.

ಕೊನೆ ದಿನ ಶುಕ್ರವಾರ ಅಲ್ವಾ? ನಿಮ್ಮ ಸಾಫ್ಟ್‌ವೇರಿನ ಹುಡುಗರಿಗೆ ಹೇಳಿ ಕೇರಳದ ಕೆಳಗೆ ಕನ್ನಡ ಅಂತ ಒಂದು ಸಾಲು ಸೇರಿಸು. ಅಂಕದ ಡಬ್ಬಿ ಹಾಗೇ ಇರಲಿ, ಅದಕ್ಕೆ 95 ಉಂಟು. ಗುರುವಾರ ಸಂಜೆ ಐದೂ ಮಕ್ಕಳಿಗೆ ಬರಲು ಹೇಳಿದ್ದೇನೆ. ಅವಳಿಗೆ ಐದೂವರೆಯ ಬಸ್ಸು ತಪ್ಪಿದರೆ ಮತ್ತೆ ಏಳು ಗಂಟೆಗೇ. ಹಾಗಾಗಿ ಐದರ ಒಳಗೆ ಮಾಡು. ಆಗುವುದಿಲ್ಲ ಅಂತಾದರೆ ಬುಧವಾರವೇ ಹೇಳಿಬಿಡು, ಮಕ್ಕಳನ್ನು ಸುಮ್ನೆ ಕಾಯಿಸುವುದು ಬೇಡ.